ಹಿತ್ತಲಲ್ಲಿ ಗಾಯಗೊಂಡ ಕಪ್ಪೆ ಸಿಕ್ಕರೆ: ಅರಿಶಿಣ ಬೇಡ, ಬಕೆಟ್ ನೀರೂ ಬೇಡ. ಹಾಗಾದ್ರೆ ಮಾಡ್ಬೇಕಾದ್ದೇನು?

ಮುಂಗಾರಿಗೆ ಮುಂಚಿನ ಮಳೆ ಎರಡು ಸಲ ಚೆನ್ನಾಗಿ ಹುಯ್ದಿತ್ತು. ಚನ್ನಪಟ್ಟಣದ ಹತ್ತಿರದ ನಮ್ಮೂರಿನ ಮನೆ ಹಿತ್ತಲಲ್ಲಿ ಹುಲ್ಲು ಮೊಣಕಾಲುದ್ದ ಎದ್ದಿತ್ತು. ಬಾಡಿಗೆಗೆ ತಂದ ಕಳೆ ಹೊಡೆಯೋ ಮೆಷಿನ್ ಹಿಡಿದು ನಾನೇ ಹುಲ್ಲು ಕತ್ತರಿಸ್ತಿದ್ದೆ. ತೆಂಗಿನ ಮರದ ಬುಡದ ಹತ್ತಿರ ಮೆತ್ತಗಿನದ್ದೇನೋ ಹಾರಿ ಪಕ್ಕಕ್ಕೆ ಬಿತ್ತು. ಮೆಷಿನ್ ನಿಲ್ಲಿಸಿ ನೋಡಿದ್ರೆ, ಅಂಗೈಯಗಲದ ಒಂದು ನೆಲಗಪ್ಪೆ. ಹಿಂಗಾಲಿನ ಎರಡು ಬೆರಳು ಹೋಗಿದ್ದವು. ಪಕ್ಕೆಯ ಮೇಲೆ ಉದ್ದಕ್ಕೆ ಗೀರು. ಓಡೋಕೆ ನೋಡಲಿಲ್ಲ, ಮೈ ಉಬ್ಬಿಸಿಕೊಂಡು ಸುಮ್ಮನೆ ಕೂತಿತ್ತು.

ಆಮೇಲಿನ ಹತ್ತು ನಿಮಿಷ ನಾನು ಮಾಡಿದ್ದೆಲ್ಲ ತಪ್ಪೇ. ಪೆಟ್ರೋಲ್ ಮೆತ್ತಿದ ಕೈಯಲ್ಲೇ ಅದನ್ನು ಎತ್ತಿದೆ. ‘ಕಪ್ಪೆ ಅಂದ್ರೆ ನೀರಿನ ಪ್ರಾಣಿ ಅಲ್ವಾ’ ಅಂತ ಬಕೆಟ್ ತುಂಬಾ ನೀರಿಗೆ ಬಿಟ್ಟೆ. ಅದು ಬಕೆಟ್ಟಿನ ಗೋಡೆಗೆ ಕೈ ಹಾಕ್ತಾ, ಜಾರ್ತಾ, ಮುಳುಗ್ತಾ ಏಳ್ತಾ ಇತ್ತು. ಅಜ್ಜಿ ಬಂದು ನೋಡಿ, “ಅಯ್ಯೋ ಮಗಾ, ಅದು ಮುಳುಗೋಯ್ತದೆ, ಮೊದ್ಲು ಎತ್ತು ಆಚೆಗೆ” ಅಂದ್ರು. ಎತ್ತಿದೆ. ಆದರೆ ಮರುಕ್ಷಣ ಅವರೇ ಒಳಗಿಂದ ಅರಿಶಿಣದ ಡಬ್ಬಿ ತಂದರು: “ಇದನ್ನ ಅಚ್ಚು, ಗಾಯ ಮಾಯ್ತದೆ.” ಅದೂ ತಪ್ಪು ಅಂತ ಗೊತ್ತಾಗಿದ್ದು ಆಮೇಲೆ.

ಒಂದು ಕಚೇರಿಗೆ ಫೋನ್ ಮಾಡಿದೆ. ಆ ಕಡೆಯಿಂದ ನಗು: “ಹಾವಾದ್ರೆ ಹೇಳಿ, ಯಾರನ್ನಾದ್ರೂ ಕಳಿಸ್ತೀವಿ. ಕಪ್ಪೆಗೆಲ್ಲ ಯಾರ್ ಬರ್ತಾರೆ?”

ಆ ನಗು ನನಗೆ ಹೊಸದೇನಲ್ಲ. ನಮ್ಮ ಕಡೆ ‘ಕಪ್ಪೆ ಜಿಗಿತ’ ಅಂದ್ರೆ ಜನಕ್ಕೆ ಮೊದಲು ನೆನಪಾಗೋದು ಚುನಾವಣೆ. ಒಗ್ಗಟ್ಟಿಲ್ಲದವರನ್ನು ಒಟ್ಟು ಸೇರಿಸೋದಕ್ಕೆ ಕಪ್ಪೆಗಳನ್ನ ತಕ್ಕಡಿಗೆ ಹಾಕಿದ ಹಾಗೆ ಅಂತೀವಿ. ಊರು ಬಿಟ್ಟು ಬೇರೆ ಲೋಕ ನೋಡದವನಿಗೆ ಬಾವಿಯ ಕಪ್ಪೆ ಅಂತೀವಿ. ಬಯ್ಯೋಕೆ, ನಗೋಕೆ ಕಪ್ಪೆ ಬೇಕು. ಕನಕಪುರ, ಚನ್ನಪಟ್ಟಣದ ಕಡೆ ತೋಟಕ್ಕೆ ಆನೆ ಬಂದ್ರೆ, ಮಾಗಡಿ ಕಡೆ ಚಿರತೆ ಕಾಣಿಸಿಕೊಂಡ್ರೆ ಇಲಾಖೆ ಇದೆ, ಬೋನು ಇದೆ, ಪರಿಹಾರ ಇದೆ, ಸುದ್ದಿ ಇದೆ. ಹಿತ್ತಲಿನ ಕಪ್ಪೆ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ಹಾಗಾಗಿ ಅದಕ್ಕೆ ಮೊದಲ ಅರ್ಧ ಗಂಟೆಯ ಆಸ್ಪತ್ರೆ ನಾವೇ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಅಂತ ನಾನು ಓದಿ, ಕೇಳಿ, ಮಾಡಿ ತಿಳಿದುಕೊಂಡದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲ ಪ್ರಶ್ನೆ: ಅದಕ್ಕೆ ನಿಜವಾಗಿ ಗಾಯ ಆಗಿದೆಯಾ?

ಸುಮ್ಮನೆ ಕೂತಿರೋ ಕಪ್ಪೆ ಎಲ್ಲಾ ಸಲವೂ ಕಾಯಿಲೆ ಬಿದ್ದ ಕಪ್ಪೆ ಅಲ್ಲ. ನೆಲಗಪ್ಪೆ ಓಡಾಡೋದು ರಾತ್ರಿ. ಹಗಲೆಲ್ಲ ಕಲ್ಲಿನ ಕೆಳಗೆ, ಹೂವಿನ ಕುಂಡದ ಅಡಿ, ಬಚ್ಚಲಿನ ಮೂಲೆಯಲ್ಲಿ ಅಲ್ಲಾಡದೆ ಕೂತಿರುತ್ತೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಹೂತುಕೊಂಡು ಮಲಗಿರುತ್ತೆ. ಗುದ್ದಲಿಗೆ ಸಿಕ್ಕಾಗ ಮಂಕಾಗಿ ಕಾಣೋದು ಅದಕ್ಕೇ. ಹೆದರಿದರೆ ಮೈ ಉಬ್ಬಿಸುತ್ತೆ.

ಇನ್ನೊಂದು ದೃಶ್ಯ ಇದೆ, ನೋಡಿದವರು ಗಾಬರಿಯಾಗ್ತಾರೆ. ಕಪ್ಪೆ ಬಾಯಿ ತೆರೆದು ಮುಚ್ಚಿ ಮಾಡುತ್ತೆ, ಬೆನ್ನು ಬಾಗಿಸುತ್ತೆ, ಕೈಯಿಂದ ಮೈ ಉಜ್ಜಿಕೊಳ್ಳುತ್ತೆ. ಫಿಟ್ಸ್ ಬಂದ ಹಾಗೆ ಕಾಣುತ್ತೆ. ಅದು ಹಳೆಯ ಚರ್ಮ ಕಳಚಿ ತಾನೇ ತಿನ್ನುತ್ತಿರೋದು, ಅಷ್ಟೆ. ಮಳೆಗಾಲದಲ್ಲಿ ದೊಡ್ಡ ಕಪ್ಪೆಯ ಬೆನ್ನ ಮೇಲೆ ಚಿಕ್ಕದೊಂದು ಅಪ್ಪಿ ಹಿಡಿದು ಕೂತಿದ್ರೆ ಅದು ಜಗಳ ಅಲ್ಲ, ಹೆಣ್ಣು ಗಂಡು ಕೂಡಿರೋದು. ಬಿಡಿಸೋಕೆ ಹೋಗಬೇಡಿ.

ನಿಜವಾದ ಗಾಯದ ಗುರುತು ಬೇರೆ. ರಕ್ತ ಅಥವಾ ಸೀಳು ಕಾಣೋದು, ಕಾಲು ಎಳೆದುಕೊಂಡು ಹೋಗೋದು, ಅಂಗಾತ ಬಿದ್ರೆ ತಾನಾಗಿ ಮಗುಚಿಕೊಳ್ಳೋಕೆ ಆಗದಿರೋದು, ಚರ್ಮ ಒಣಗಿ ಸುಕ್ಕಾಗಿ ಧೂಳು ಅಂಟಿರೋದು, ಹೊಟ್ಟೆ ಮತ್ತು ತೊಡೆಯ ಒಳಭಾಗ ಕೆಂಪೇರಿರೋದು, ಗಾಯದಲ್ಲಿ ಹುಳ ಆಗಿರೋದು. ಇವು ಯಾವುವೂ ಇಲ್ಲ ಅಂದ್ರೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ. ಬಿಸಿಲಲ್ಲೋ ದಾರಿ ಮೇಲೋ ಇದ್ರೆ ಹತ್ತಿರದ ನೆರಳಿಗೆ ಸರಿಸಿದ್ರೆ ಸಾಕು.

ಚರ್ಮ ಅನ್ನೋದು ಅದಕ್ಕೆ ಬಾಯಿ, ಮೂಗು ಎರಡೂ

ಮುಂದಿನ ಎಲ್ಲಾ ಸೂಚನೆಗೂ ಕಾರಣ ಒಂದೇ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆ ಸಂದಿನ ತೆಳು ಚರ್ಮವನ್ನ ಒದ್ದೆ ನೆಲಕ್ಕೆ ಒತ್ತಿ ನೀರು ಹೀರಿಕೊಳ್ಳುತ್ತೆ. ಶ್ವಾಸಕೋಶ ಇದ್ರೂ ಉಸಿರಾಟದ ಒಂದು ಪಾಲು ಚರ್ಮದ ಮೂಲಕವೇ ನಡೆಯುತ್ತೆ. ಅಂದ್ರೆ ಚರ್ಮದ ಮೇಲೆ ಬಿದ್ದದ್ದೆಲ್ಲ ಒಳಗೆ ಹೋಗುತ್ತೆ: ಸೋಪು, ಸ್ಯಾನಿಟೈಸರ್, ಪೆಟ್ರೋಲ್, ಕೈಗೆ ಹಚ್ಚಿದ ಕ್ರೀಮು, ಕೀಟನಾಶಕ. ನಮಗೆ ಮೇಲ್ಮೈ ಔಷಧಿ ಅನಿಸೋದು ಅದಕ್ಕೆ ಕುಡಿಸಿದ ಹಾಗೆ.

ಆದ್ದರಿಂದ ಅರಿಶಿಣ, ಕಾಫಿಪುಡಿ, ಸುಣ್ಣ, ಕೊಬ್ಬರಿ ಎಣ್ಣೆ, ಡೆಟಾಲು, ಮನೆಯಲ್ಲಿರೋ ಆಯಿಂಟ್‌ಮೆಂಟು, ಯಾವುದೂ ಬೇಡ. ಪುಡಿಗಳು ಒದ್ದೆ ಚರ್ಮವನ್ನು ಒಣಗಿಸುತ್ತವೆ, ಎಣ್ಣೆ ಅದರ ಮೇಲೆ ಪದರ ಕಟ್ಟುತ್ತೆ. ಅಜ್ಜಿಯ ಅರಿಶಿಣ ನನ್ನ ಮೊಣಕಾಲಿಗೆ ಎಷ್ಟೋ ಸಲ ಕೆಲಸ ಮಾಡಿದೆ. ಆದರೆ ನನ್ನ ಮೊಣಕಾಲು ನೀರು ಕುಡಿಯಲ್ಲ.

ಎತ್ತೋದು ಹೇಗೆ, ಇಡೋದು ಎಲ್ಲಿ?

ಕೈಯನ್ನು ಬರೀ ನೀರಲ್ಲಿ ಚೆನ್ನಾಗಿ ತೊಳೆದು ಒದ್ದೆ ಇರುವಾಗಲೇ ಎತ್ತಿ. ಮುಟ್ಟೋಕೆ ಹಿಂಜರಿಕೆ ಇದ್ರೆ ಒಂದು ಶುಭ್ರ ಪ್ಲಾಸ್ಟಿಕ್ ಕವರನ್ನು ಒದ್ದೆ ಮಾಡಿ ಗ್ಲೌಸ್ ಥರ ಹಾಕಿಕೊಳ್ಳಿ. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಮೇಲೆ, ಸಡಿಲವಾಗಿ. ಕಾಲು ಹಿಡಿದು ನೇತಾಡಿಸಬೇಡಿ. ಕೈಗೆತ್ತಿದ ತಕ್ಷಣ ಅದು ಉಚ್ಚೆ ಹೊಯ್ಯಬಹುದು. ಅದು ಹೊಲಸು ಅಂತ ಎಸೆದುಬಿಡೋರೇ ಹೆಚ್ಚು. ಕಪ್ಪೆ ತನ್ನ ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಂಡಿರುತ್ತೆ, ಒಣ ದಿನಗಳಿಗೆ ಅದೇ ಅದರ ತೊಟ್ಟಿ. ಹೆದರಿಸಿದಷ್ಟೂ ಆ ನೀರು ಕಳೆದುಕೊಳ್ಳುತ್ತೆ. ಪದೇ ಪದೇ ಎತ್ತಿ ನೋಡಬಾರದು, ಸುತ್ತ ಸೇರಿ ರೀಲ್ಸ್ ಮಾಡಬಾರದು ಅನ್ನೋದು ಇದಕ್ಕೇ.

ನೆಲಗಪ್ಪೆ ಮುಟ್ಟಿದ್ರೆ ಕಜ್ಜಿ, ನರಹುಲಿ ಆಗುತ್ತೆ ಅನ್ನೋದು ಸುಳ್ಳು. ನರಹುಲಿ ಬರೋದು ಮನುಷ್ಯರ ವೈರಸ್‌ನಿಂದ. ಆದರೆ ಅದರ ಕಣ್ಣಿನ ಹಿಂದೆ ಉಬ್ಬಿರೋ ಎರಡು ಗ್ರಂಥಿಗಳಲ್ಲಿ ಬಿಳಿ ಹಾಲಿನಂಥ ವಿಷ ಇರೋದು ನಿಜ. ಗಟ್ಟಿಯಾಗಿ ಹಿಸುಕಿದ್ರೆ ಒಸರುತ್ತೆ. ಕಣ್ಣಿಗೆ, ಬಾಯಿಗೆ ತಾಗಿದ್ರೆ ಉರಿ. ಕಪ್ಪೆಯನ್ನ ಇಟ್ಟ ಮೇಲೆ ನೀವು ಸೋಪು ಹಾಕಿ ಕೈ ತೊಳೆಯಿರಿ. ಸೋಪಿನ ಸರದಿ ಆಗ ಮಾತ್ರ. ನಾಯಿ ಕಚ್ಚಿ ಬಾಯಲ್ಲಿ ನೊರೆ ಬರ್ತಿದ್ರೆ ಒದ್ದೆ ಬಟ್ಟೆಯಿಂದ ಅದರ ವಸಡು, ನಾಲಿಗೆ ಮತ್ತೆ ಮತ್ತೆ ಒರೆಸಿ. ತೂರಾಡಿದ್ರೆ, ನಡುಗಿದ್ರೆ ತಡ ಮಾಡದೆ ಪಶುವೈದ್ಯರ ಹತ್ತಿರ ಕರ್ಕೊಂಡು ಹೋಗಿ.

ಇಡೋಕೆ ಚಪ್ಪಲಿ ಡಬ್ಬ ಅಥವಾ ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬ ಸಾಕು. ತಳಕ್ಕೆ ಒದ್ದೆ ಹತ್ತಿ ಬಟ್ಟೆ. ಹಿಂಡಿದ ಬಟ್ಟೆ, ನೀರು ನಿಲ್ಲಬಾರದು. ಸೋಪಿನ ಪುಡಿಯ ವಾಸನೆ ಇರೋ ಬಟ್ಟೆ ಆಗಬಾರದು. ಅಡಗಿಕೊಳ್ಳೋಕೆ ಒಂದು ಬಾಳೆಲೆ ಚೂರು. ಕತ್ತಲೆ, ತಂಪು, ಸದ್ದಿಲ್ಲದ ಮೂಲೆ. ಫ್ಯಾನ್ ಕೆಳಗಲ್ಲ, ಫ್ರಿಜ್ಜಲ್ಲಂತೂ ಅಲ್ಲ.

ನೀರಿನ ವಿಷಯ ನಾನು ಎಡವಿದ್ದೇ ಇಲ್ಲಿ. ನೆಲಗಪ್ಪೆ ಮೊಟ್ಟೆ ಇಡೋಕೆ ಮಾತ್ರ ನೀರಿಗೆ ಹೋಗುತ್ತೆ, ಉಳಿದ ಬದುಕೆಲ್ಲ ನೆಲದ ಮೇಲೆ. ಹತ್ತೋಕೆ ದಾರಿ ಇಲ್ಲದ ಆಳ ನೀರಲ್ಲಿ, ಅದೂ ಗಾಯ ಆದಾಗ, ಈಜಿ ಈಜಿ ಸುಸ್ತಾಗಿ ಮುಳುಗುತ್ತೆ. ಚರ್ಮ ಒಣಗಿದ್ರೆ ಒಂದು ತಟ್ಟೆಯಲ್ಲಿ ಅದರ ಗದ್ದಕ್ಕಿಂತ ಕೆಳಗೆ ಬರೋ ಅಷ್ಟು ನೀರು ಹಾಕಿ ಇಪ್ಪತ್ತು ನಿಮಿಷ ಕೂರಿಸಿ. ಮಳೆ ನೀರು, ಬಾವಿ ನೀರು ಒಳ್ಳೇದು. ನಲ್ಲಿ ನೀರಾದ್ರೆ ಕ್ಲೋರಿನ್ ಹೋಗೋಕೆ ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟದ್ದು ಬಳಸಿ. ಗಾಯಕ್ಕೆ ಮಣ್ಣು, ಹುಲ್ಲು ಅಂಟಿದ್ರೆ ಇದೇ ನೀರನ್ನ ಮೆಲ್ಲಗೆ ಸುರಿದು ತೊಳೆದ್ರೆ ಮುಗೀತು.

ಊಟ? ಕೊಡಬೇಡಿ. ಅನ್ನ, ಹಾಲು ಅದರ ಆಹಾರವೇ ಅಲ್ಲ. ಕಪ್ಪೆ ಕೆಲವು ದಿನ ಉಪವಾಸ ಇರಬಲ್ಲದು. ಬಲವಂತವಾಗಿ ಬಾಯಿ ತೆರೆದ್ರೆ ದವಡೆ ಮುರಿಯೋ ಅಪಾಯ.

ಯಾವ ಗಾಯ ವಾಸಿಯಾಗುತ್ತೆ, ಯಾರನ್ನ ಕರೀಬೇಕು?

ತರಚು ಗಾಯ, ಹೋದ ಬೆರಳು, ಸಣ್ಣ ಸೀಳು ಇವುಗಳಿಂದ ಕಪ್ಪೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತೆ. ಒಂದೆರಡು ಬೆರಳಿಲ್ಲದೆ ಬದುಕೋ ಕಪ್ಪೆಗಳಿವೆ. ಕಾಲು ಮುರಿದಿದ್ರೆ, ಗಾಯ ಆಳವಾಗಿದ್ರೆ, ಹುಳ ಆಗಿದ್ರೆ, ಹೊಟ್ಟೆ ತೊಡೆ ಕೆಂಪೇರಿದ್ರೆ ವೈದ್ಯರೇ ಬೇಕು. ಕರುಳು ಹೊರಗೆ ಬಂದಿದ್ರೆ, ಬೆನ್ನೆಲುಬು ಜಜ್ಜಿಹೋಗಿದ್ರೆ ಉಳಿಸೋದು ಬಹಳ ಕಷ್ಟ. ಆಗ ವೈದ್ಯರು ಕೊಡೋ ನೋವಿಲ್ಲದ ಸಾವೇ ಅದಕ್ಕೆ ಸಿಗಬಹುದಾದ ದಯೆ. ಮನೆಯ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಕೋದು, ಫ್ರಿಜ್ಜಲ್ಲಿಟ್ಟು ಸಾಯಿಸೋದು ದಯೆ ಅಲ್ಲ.

ರಾಜ್ಯ ಅರಣ್ಯ ಇಲಾಖೆಯ ಸಹಾಯವಾಣಿ 1926. ಪಶುಪಾಲನಾ ಇಲಾಖೆಯ ಸಂಚಾರಿ ಪಶುಚಿಕಿತ್ಸೆಯ ಸಂಖ್ಯೆ 1962. ಅದು ಮುಖ್ಯವಾಗಿ ಜಾನುವಾರುಗಳಿಗೆ, ಆದರೂ ಹತ್ತಿರದ ವೈದ್ಯರು ಯಾರು ಅಂತ ಕೇಳೋಕಾದ್ರೂ ಆಗುತ್ತೆ. ರಾಮನಗರ, ಬಿಡದಿ ಕಡೆಯವರಿಗೆ ಹತ್ತಿರ ಅಂದ್ರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ. ಬೆಂಗಳೂರು ಸುತ್ತಿನ ಗಾಯಗೊಂಡ ವನ್ಯಜೀವಿಗಳಿಗೆ 1996ರಿಂದ ಕೆಲಸ ಮಾಡ್ತಿರೋ ಸಂಸ್ಥೆ ಅದು. ಮೊದಲು ಫೋನ್ ಮಾಡಿ, ಆಮೇಲೆ ಹೊರಡಿ. ಮಾಗಡಿ, ಕನಕಪುರದ ಒಳಹಳ್ಳಿಯಿಂದ ಎರಡು ಗಂಟೆ ಬೈಕಿನ ಮೇಲೆ ಅಲುಗಾಡಿಸಿಕೊಂಡು ಹೋಗೋದೇ ಕಪ್ಪೆಗೆ ಇನ್ನೊಂದು ಗಾಯ.

ನಾನು ಹೋಗಿದ್ದು ಊರಿನ ಹತ್ತಿರದ ಒಬ್ಬ ಪಶುವೈದ್ಯರ ಬಳಿ. “ನಾನ್ ನೋಡೋದು ಹಸು, ಎಮ್ಮೆ, ಕುರಿ. ಕಪ್ಪೆ ಇದೇ ಮೊದಲು” ಅಂತ ನಕ್ಕರು. ಆ ನಗು ಬೇರೆ ಥರದ್ದು. ಟೇಬಲ್ ಒರೆಸಿ, ಗಾಯ ತೊಳೆದು, ಕಾಲು ಅಲ್ಲಾಡಿಸಿ ನೋಡಿ, “ಮೂಳೆ ಸರಿ ಇದೆ. ಒದ್ದೆ ಇಟ್ಟು ಎರಡು ದಿನ ಸುಮ್ನೆ ಬಿಡಿ. ಊದಿಕೊಂಡ್ರೆ ಮಾತ್ರ ತನ್ನಿ” ಅಂದ್ರು. ದುಡ್ಡು ತಗೊಳ್ಳಲಿಲ್ಲ.

ಬಿಡೋದು ಎಲ್ಲಿ? ಕೆರೆಗಲ್ಲ

ವಾಸಿಯಾದ ಕಪ್ಪೆಯನ್ನ ‘ಒಳ್ಳೆ ಜಾಗಕ್ಕೆ’ ಅಂತ ಕಣ್ವ ಜಲಾಶಯಕ್ಕೋ ಮಂಚನಬೆಲೆಗೋ ಒಯ್ದು ಬಿಡೋದು ಒಳ್ಳೆ ಮನಸ್ಸಿನ ಕೆಟ್ಟ ಕೆಲಸ. ಕಪ್ಪೆಗೆ ತನ್ನ ಅಡಗುತಾಣ, ಬೇಟೆ ಜಾಗ, ಮೊಟ್ಟೆ ಇಡೋ ಹೊಂಡ ಎಲ್ಲಾ ಗೊತ್ತಿರುತ್ತೆ. ಬೇರೆ ಕಡೆ ಬಿಟ್ರೆ ವಾಪಸ್ ಬರೋಕೆ ಹೊರಟು ರಸ್ತೆ ಮೇಲೆ ಸಾಯಬಹುದು. ಇನ್ನೊಂದು ಕಾರಣ ರೋಗ. ಕೈಟ್ರಿಡ್ ಅನ್ನೋ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ಅಂಟಿ ಕೊಲ್ಲುತ್ತೆ. ಜಗತ್ತಿನಲ್ಲಿ 501 ಉಭಯವಾಸಿ ಪ್ರಭೇದಗಳು ಇದರಿಂದ ಕುಸಿದಿವೆ, 90 ಅಳಿದೇ ಹೋಗಿರಬಹುದು ಅಂತ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ನಮ್ಮ ಪಶ್ಚಿಮಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಪತ್ತೆಯಾಗಿದೆ. ಒಂದೂರಿನ ಕಪ್ಪೆಯನ್ನ ಇನ್ನೊಂದೂರಿನ ನೀರಿಗೆ ಬಿಡೋದು ಇಂಥ ರೋಗಗಳಿಗೆ ವಾಹನ ಕೊಟ್ಟ ಹಾಗೆ.

ಹಾಗಾಗಿ ಸಿಕ್ಕ ಜಾಗದ ಹತ್ತಿರವೇ, ಸಂಜೆ ಕತ್ತಲಾದ ಮೇಲೆ, ನೆಲ ಒದ್ದೆ ಇರೋವಾಗ ಬಿಡಿ. ಅಂಗಾತ ಹಾಕಿದ್ರೆ ತಾನೇ ಮಗುಚಿಕೊಳ್ಳಬೇಕು, ನಾಲ್ಕೂ ಕಾಲು ಬಳಸಿ ಕುಪ್ಪಳಿಸಬೇಕು, ಗಾಯ ಊದಿರಬಾರದು. ಇಷ್ಟಿದ್ರೆ ಇನ್ನೂ ‘ಪೂರ್ತಿ ಗುಣವಾಗಲಿ’ ಅಂತ ಇಟ್ಟುಕೊಳ್ಳೋ ಅಗತ್ಯ ಇಲ್ಲ. ಸಾಕೋಕಂತೂ ಬೇಡ.

ಕಪ್ಪೆ ಇದ್ರೆ ಹಾವು ಬರುತ್ತೆ ಅನ್ನೋ ಭಯ ನಮ್ಮನೆಯಲ್ಲೂ ಇದೆ. ಅದು ಪೂರ್ತಿ ಸುಳ್ಳೂ ಅಲ್ಲ. ಕೇರೆಹಾವಿಗೆ, ನೀರುಹಾವಿಗೆ ಕಪ್ಪೆ ಊಟ. ಆದರೆ ಅದಕ್ಕೆ ಮದ್ದು ಕಪ್ಪೆ ಕೊಲ್ಲೋದಲ್ಲ. ಮನೆ ಗೋಡೆಗೆ ಒತ್ತಿಕೊಂಡಿರೋ ಸೌದೆ ರಾಶಿ, ಇಟ್ಟಿಗೆ ರಾಶಿಯನ್ನ ಹಿತ್ತಲಿನ ದೂರದ ಮೂಲೆಗೆ ಸಾಗಿಸಿದ್ರೆ ಕಪ್ಪೆಯೂ ಅಲ್ಲೇ, ಹಾವೂ ಅಲ್ಲೇ.

ಹಾಗಾದ್ರೆ ಗಾಯ ಮಾಡ್ತಿರೋದು ಯಾರು?

ನನ್ನ ಕಪ್ಪೆಗೆ ಗಾಯ ಮಾಡಿದ್ದು ನಾನೇ. ಹುಲ್ಲು ಹೊಡೆಯೋ ಮುಂಚೆ ಒಂದು ಕೋಲು ಹಿಡಿದು ಹಿತ್ತಲು ಸುತ್ತಿ ಬಂದಿದ್ರೆ, ಬೇಲಿ ಕಡೆಯಿಂದ ಒಳಕ್ಕೆ ಹೊಡೆಯೋ ಬದಲು ನಡುವಿನಿಂದ ಹೊರಕ್ಕೆ ಹೊಡೆದಿದ್ರೆ, ಅದಕ್ಕೆ ಓಡೋಕೆ ದಾರಿ ಸಿಗ್ತಿತ್ತು. ತರಗೆಲೆ ರಾಶಿಗೆ ಬೆಂಕಿ ಹಚ್ಚೋ ಮುಂಚೆ ಒಮ್ಮೆ ಕೆದಕಿ ನೋಡೋದೂ ಇದೇ ಲೆಕ್ಕ. ಆದರೆ ಕೋಲು ಹಿಡಿದು ಸುತ್ತಿ ಬಂದ್ರೆ ತಪ್ಪೋ ಗಾಯಗಳಷ್ಟೇ ಅಲ್ಲ ಇರೋದು.

ಕಪ್ಪೆಯ ಬದುಕಿಗೆ ಮೂರು ಬೇಕು. ಕೆಲವು ವಾರ ನಿಲ್ಲೋ ನೀರು, ಉಳಿದ ತಿಂಗಳು ಅಡಗೋಕೆ ನೆಲ, ಇವೆರಡರ ನಡುವೆ ದಾರಿ. ಮೊದಲ ದೊಡ್ಡ ಮಳೆಯ ರಾತ್ರಿ ಅವು ನೀರಿನ ಕಡೆ ಹೊರಡುತ್ತವೆ. ಹೆಣ್ಣು ನೆಲಗಪ್ಪೆ ಜೋಡಿದಾರದಂಥ ಮೊಟ್ಟೆ ಸರ ಇಡುತ್ತೆ, ಕರಿ ಗೊದಮೊಟ್ಟೆಗಳಾಗುತ್ತವೆ, ಕೆಲವು ವಾರದಲ್ಲಿ ಬೆರಳುಗುರಿನಷ್ಟು ಮರಿಗಳು ದಡ ಹತ್ತುತ್ತವೆ. ಇದಕ್ಕೆ ದೊಡ್ಡ ಕೆರೆಯೇ ಬೇಕಿಲ್ಲ, ಕೆರೆಕೋಡಿಯ ಗುಂಡಿ, ಕಟ್ಟೆ, ಹೊಲದ ಮೂಲೆಯ ಹೊಂಡ ಸಾಕು. ಸರ್ವೆಯಲ್ಲಿ ಕೆರೆಯ ಎಕರೆ ಸರಿಯಾಗೇ ಇರುತ್ತೆ. ಆದರೆ ಗುಂಡಿ ಮುಚ್ಚಿ ಲೇಔಟ್ ಆಗಿರುತ್ತೆ, ದಾರಿಗೆ ಕಾಂಪೌಂಡ್ ಎದ್ದಿರುತ್ತೆ. ಯಾವ ದಾಖಲೆಯಲ್ಲೂ ನಷ್ಟ ಕಾಣಲ್ಲ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಆಯ್ತು. 2025ರ ಮೇನಲ್ಲಿ ಅದಕ್ಕೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡೋಕೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೆಸರು ಬೇಕಾ ಬೇಡವಾ ಅಂತ ನಾವೆಲ್ಲ ಜಗಳ ಆಡಿದ್ವಿ. ಹೆಸರಿನ ಜೊತೆ ಏರೋ ಸೈಟಿನ ಬೆಲೆಯ ಲೆಕ್ಕವೂ ಹಾಕಿದ್ವಿ. ಆ ಸೈಟು ಬರೋ ಜಾಗದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರೀತಿತ್ತು ಅನ್ನೋ ಚರ್ಚೆ ಆಗಲಿಲ್ಲ. ಬೆಂಗಳೂರು-ಮೈಸೂರು ಹತ್ತು ಪಥದ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ಅದಕ್ಕೂ ಮುಂಚೆ, 2022ರ ಆಗಸ್ಟ್ ಕೊನೆಯ ಮಳೆಗೆ, ರಾಮನಗರದ ಬಳಿ ಇದೇ ಹೆದ್ದಾರಿ ಮೇಲೆ ನೀರು ನಿಂತು ಗಾಡಿಗಳು ಮುಳುಗಿದ್ದನ್ನ ಎಲ್ಲರೂ ನೋಡಿದ್ವಿ. ನೀರಿನ ದಾರಿ ಮುಚ್ಚಿದ್ರೆ ಏನಾಗುತ್ತೆ ಅಂತ ಕಾರಿನಲ್ಲಿದ್ದವರಿಗೆ ಅವತ್ತು ಗೊತ್ತಾಯ್ತು. ಕಪ್ಪೆ ನಡೆಯೋದೂ ಬಹುಪಾಲು ಅದೇ ದಾರಿಯಲ್ಲಿ.

ತೋಟದ ಕಥೆ ಬೇರೆ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ರೇಷ್ಮೆಗೂಡು ಮಾರುಕಟ್ಟೆ ನಮ್ಮ ರಾಮನಗರದ್ದು. ಹಿಪ್ಪುನೇರಳೆ ಬೆಳೆಯೋರು ಕಂಡ ಕಂಡ ಕೀಟನಾಶಕ ಹೊಡೆಯಲ್ಲ, ಹೊಡೆದ್ರೆ ಸೊಪ್ಪು ತಿಂದ ರೇಷ್ಮೆಹುಳುವೇ ಸಾಯುತ್ತೆ. ಅನಿವಾರ್ಯ ಅಂದ್ರೂ ದಿನ ಎಣಿಸಿ ಕಾದು ಸೊಪ್ಪು ಕೊಯ್ಯುತ್ತಾರೆ. ನೀರು ಹಾಯಿಸಿದ, ನೆರಳಿರೋ, ವಿಷ ಕಡಿಮೆ ಇರೋ ಹಿಪ್ಪುನೇರಳೆ ತೋಟ ಕಪ್ಪೆಗೆ ಒಳ್ಳೆ ಮನೆ. ಅದೇ ಹುಳದ ಮನೆ ತೊಳೆಯೋ ಬ್ಲೀಚಿಂಗ್ ಪೌಡರ್, ಸುಣ್ಣದ ನೀರು ಕಪ್ಪೆ ಚರ್ಮಕ್ಕೆ ಉರಿ. ಆ ನೀರನ್ನ ತೋಟದ ಕಾಲುವೆಗೆ ಬಿಡದೆ ಪ್ರತ್ಯೇಕ ಇಂಗುಗುಂಡಿಗೆ ಬಿಟ್ರೆ ಖರ್ಚೇನೂ ಇಲ್ಲ.

ಮಾವು, ತೆಂಗಿನ ತೋಟಗಳಲ್ಲಿ ಈ ಲಗಾಮು ಇಲ್ಲ. ಕೂಲಿ ಸಿಗಲ್ಲ ಅಂತ ಕಳೆನಾಶಕ ಹೊಡೀತೀವಿ. ಗ್ಲೈಫೋಸೇಟ್ ಕಳೆನಾಶಕವೊಂದು ಗೊದಮೊಟ್ಟೆಗಳನ್ನಷ್ಟೇ ಅಲ್ಲ, ನೆಲಕ್ಕೆ ಹತ್ತಿದ ಮರಿಗಳನ್ನೂ ಕೊಲ್ಲುತ್ತೆ ಅಂತ ಅಮೆರಿಕದ ವಿಜ್ಞಾನಿ ರಿಕ್ ರೆಲ್ಯಾ 2005ರಲ್ಲಿ ಪ್ರಯೋಗ ಮಾಡಿ ತೋರಿಸಿದ್ರು. ಗ್ಲೈಫೋಸೇಟನ್ನ ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿರ್ಬಂಧ ಹಾಕಿತು. ನಿಮ್ಮೂರಲ್ಲಿ ಅದು ಯಾರ ಕೈಯಲ್ಲಿದೆ ಅಂತ ನೀವೇ ನೋಡಿ.

ಇನ್ನೊಂದು ಬಲೆ ಕೃಷಿಹೊಂಡ. 2014-15ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿ ರೈತರಿಗೆ ಅನುಕೂಲ ಆಗಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಕರಿ ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆ ಜಾರುಬಂಡೆ. ನೀರಿನ ವಾಸನೆಗೆ ಬಂದು ಬಿದ್ದ ಕಪ್ಪೆ, ಹಲ್ಲಿ, ಇಲಿ ಮತ್ತೆ ಹತ್ತಲಾರವು. ಒಂದು ಹಳೇ ಗೋಣಿಚೀಲವನ್ನೋ, ಗಂಟು ಹಾಕಿದ ಹಗ್ಗವನ್ನೋ ದಂಡೆಗೆ ಕಟ್ಟಿ ನೀರಿಗೆ ಇಳಿಬಿಟ್ರೆ ಹತ್ತಿಕೊಂಡು ಬರ್ತವೆ. ಮನೆ ಸಂಪು, ತೆರೆದ ತೊಟ್ಟಿಗೂ ಅಷ್ಟೆ, ಒಂದು ಹಲಗೆ ಓರೆಯಾಗಿ ಇಟ್ರೆ ಸಾಕು. ನನ್ನ ಬಕೆಟ್ಟಿನಲ್ಲಿ ಇಲ್ಲದೇ ಹೋದದ್ದೂ ಅಂಥ ಒಂದು ಹಲಗೆಯೇ.

ಕಪ್ಪೆ ಉಳಿದ್ರೆ ನಮಗೇನು?

ಈ ಪ್ರಶ್ನೆಗೆ ನಮ್ಮ ದೇಶ ಒಮ್ಮೆ ದುಬಾರಿ ಉತ್ತರ ಕಂಡುಕೊಂಡಿದೆ. 1980ರ ದಶಕದ ಆರಂಭದಲ್ಲಿ ಭಾರತ ಯುರೋಪ್, ಅಮೆರಿಕದ ಹೋಟೆಲುಗಳಿಗೆ ವರ್ಷಕ್ಕೆ 4,000 ಟನ್‌ಗೂ ಹೆಚ್ಚು ಕಪ್ಪೆ ಕಾಲು ರಫ್ತು ಮಾಡ್ತಿತ್ತು. ಗದ್ದೆ ಬಯಲುಗಳಿಂದ ಗೋಂಕುರುಕಪ್ಪೆಗಳನ್ನ ಹಿಡಿದು ಕಾಲು ಕತ್ತರಿಸಿ ಕಳಿಸೋ ದಂಧೆ. ಕಪ್ಪೆ ಕಮ್ಮಿಯಾದ ಹಾಗೆ ಬೆಳೆಗೆ ಕೀಟ, ಕೀಟಕ್ಕೆ ವಿಷ ಅನ್ನೋ ಆತಂಕ ಜೋರಾಗಿ 1987ರಲ್ಲಿ ರಫ್ತು ನಿಷೇಧ ಆಯ್ತು. ಮಧ್ಯ ಅಮೆರಿಕದ ಕೋಸ್ಟರಿಕಾ ಮತ್ತು ಪನಾಮಾದಲ್ಲಿ ಕೈಟ್ರಿಡ್ ರೋಗದಿಂದ ಕಪ್ಪೆಗಳು ಕುಸಿದ ನಂತರದ ವರ್ಷಗಳಲ್ಲಿ ಮಲೇರಿಯಾ ಹೆಚ್ಚಾಯ್ತು ಅಂತ 2022ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. 2023ರ ಜಾಗತಿಕ ಮೌಲ್ಯಮಾಪನದ ಪ್ರಕಾರ 8,011 ಉಭಯವಾಸಿ ಪ್ರಭೇದಗಳಲ್ಲಿ ಸುಮಾರು ಶೇ 41ರಷ್ಟು ಅಳಿವಿನ ಅಪಾಯದಲ್ಲಿವೆ.

ನಮ್ಮ ನೆಲಗಪ್ಪೆ ಆ ಅಪಾಯದ ಪಟ್ಟಿಯಲ್ಲಿಲ್ಲ, ಅದು ಸಾಮಾನ್ಯ. ಸಾಮಾನ್ಯ ಆಗಿರೋದೇ ಅದರ ಕಷ್ಟ. 1972ರ ವನ್ಯಜೀವಿ ಕಾಯ್ದೆಯ ಹಳೆಯ 4ನೇ ಪರಿಚ್ಛೇದದಲ್ಲಿ ಇದ್ದದ್ದು ‘ರಾನಾ’ ಕುಲದ ಕಪ್ಪೆಗಳು. ನೆಲಗಪ್ಪೆ ಆ ಕುಲದ್ದಲ್ಲ. ಹಾಗಂತ ಅದು ಕಾನೂನಿನ ಹೊರಗೂ ಇಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ‘ಪ್ರಾಣಿ’ ಅಂದ್ರೆ ಮನುಷ್ಯನನ್ನು ಬಿಟ್ಟು ಎಲ್ಲಾ ಜೀವಿಗಳು. ಸಂವಿಧಾನದ 51ಎ(ಜಿ) ವಿಧಿ ಕಾಡು, ಕೆರೆ, ನದಿ, ವನ್ಯಜೀವಿ ಕಾಪಾಡೋದರ ಜೊತೆಗೆ ಜೀವಿಗಳ ಬಗ್ಗೆ ಅನುಕಂಪವನ್ನೂ ಪ್ರಜೆಯ ಕರ್ತವ್ಯ ಅನ್ನುತ್ತೆ. ಸಂವಿಧಾನದ ಮಾತಾಡೋ ನಾವು ಈ ವಿಧಿಯನ್ನ ಹೆಚ್ಚಾಗಿ ಓದಿ ದಾಟಿಬಿಡ್ತೀವಿ.

ಹಿತ್ತಲಲ್ಲಿ ಇರೋದೇನು ಅಂತ ನಮಗೆ ಇನ್ನೂ ಪೂರ್ತಿ ಗೊತ್ತಿಲ್ಲ ಅನ್ನೋದಕ್ಕೂ ಸಾಕ್ಷಿ ಇದೆ. 2020ರಲ್ಲಿ ಬೆಂಗಳೂರಿನ ಹೊರವಲಯ ರಾಜಾನುಕುಂಟೆಯ ಬಯಲಲ್ಲಿ ಸಿಕ್ಕ, ಮಣ್ಣು ಕೊರೆದು ಬದುಕೋ ಕಪ್ಪೆ ವಿಜ್ಞಾನಕ್ಕೆ ಹೊಸದು ಅಂತ ಗುರುತಾಯ್ತು. ಹೆಸರು ಸ್ಫೇರೋಥೀಕಾ ಬೆಂಗಳೂರು. ಕಾಡಲ್ಲಲ್ಲ, ಲೇಔಟ್ ಆಗೋಕೆ ಕಾಯ್ತಿರೋ ಥರದ ಬಯಲಲ್ಲಿ ಸಿಕ್ಕಿದ್ದು.

ಗ್ರಾಮಸಭೆಗೆ ಒಂದು ಕಪ್ಪೆ

ಮಳೆ ಬಾರದಿದ್ರೆ ನಮ್ಮ ರಾಜ್ಯದಲ್ಲಿ ಕಪ್ಪೆಗೆ ಮದುವೆ ಮಾಡ್ತಾರೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ನಡೆದ ಮಂಡೂಕ ಪರಿಣಯ ದೇಶದೆಲ್ಲೆಡೆ ಸುದ್ದಿಯಾಯ್ತು. ನಂಬಿಕೆಯನ್ನ ಗೇಲಿ ಮಾಡೋದು ನನ್ನ ಉದ್ದೇಶ ಅಲ್ಲ. ಮಳೆಗೂ ಕಪ್ಪೆಗೂ ನಂಟಿದೆ ಅಂತ ಹಿರಿಯರು ಕಂಡುಕೊಂಡಿದ್ರು. ನಂಟನ್ನ ಉಳಿಸೋಕೆ ನಮ್ಮ ಕೈಲಿ ಈಗ ಬೇರೆ ಸಲಕರಣೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ನೀರಿನ ನೆಲೆಗಳನ್ನ ಜನರ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕು. ಆ ದಾಖಲೆಯಲ್ಲಿ ನಿಮ್ಮೂರಿನ ಕಪ್ಪೆ ಇದೆಯಾ, ಅವು ಮೊಟ್ಟೆ ಇಡೋ ಗುಂಡಿ, ಕಟ್ಟೆಗಳ ಹೆಸರಿದೆಯಾ ಅಂತ ಗ್ರಾಮಸಭೆಯಲ್ಲಿ ಕೇಳೋದು ನಿಮ್ಮ ಹಕ್ಕು. ಬರೆದಿಟ್ಟದ್ದು ಇದ್ರೆ ನಾಳೆ ಲೇಔಟ್ ನಕ್ಷೆ ಬಂದಾಗ ತೋರಿಸೋಕೆ ಒಂದು ಕಾಗದ ಇರುತ್ತೆ. ಇಲ್ಲದಿದ್ರೆ ಅದು ‘ಖಾಲಿ ಜಾಗ’.

ನಮ್ಮ ಕಪ್ಪೆಯ ವಿಷಯ ಹೇಳಿ ಮುಗಿಸ್ತೀನಿ. ಎರಡು ದಿನ ಚಪ್ಪಲಿ ಡಬ್ಬದಲ್ಲಿ ಬಾಳೆಲೆ ಕೆಳಗೆ ಕೂತಿತ್ತು. ಮೂರನೇ ದಿನ ಸಂಜೆ ಮುಚ್ಚಳ ತೆಗೆದ್ರೆ ಅಂಚಿಗೆ ಕೈಹಾಕಿ ನಿಂತಿತ್ತು. ಗೀರು ಒಣಗಿತ್ತು, ಊತ ಇರಲಿಲ್ಲ. ಅದೇ ತೆಂಗಿನ ಬುಡದ ಹತ್ತಿರ ಡಬ್ಬ ಓರೆ ಮಾಡಿದೆ. ಸ್ವಲ್ಪ ಹೊತ್ತು ಕೂತು, ಒಂದು ಕಾಲು ಎಳೆದ ಹಾಗೆ ಮಾಡ್ತಾ ಬೇಲಿಯ ಹಿಪ್ಪುನೇರಳೆ ಸಾಲಿನೊಳಗೆ ಹೋಯ್ತು. ಬದುಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅಜ್ಜಿ ಮಾತ್ರ ರಾತ್ರಿ ಕಪ್ಪೆ ಕೂಗಿದಾಗೆಲ್ಲ “ನಿನ್ ಕಪ್ಪೇನೇ ಕಣ್ ಮಗಾ” ಅಂತಾರೆ. ಹಿತ್ತಲಿನ ಆ ಮೂಲೆಗೆ ಮೆಷಿನ್ ಹಾಕೋದು ನಿಲ್ಲಿಸಿದ್ದೀವಿ. ಪಂಚಾಯಿತಿ ಕಚೇರಿಗೆ ಹೋಗಿ ಜೀವವೈವಿಧ್ಯ ದಾಖಲೆ ತೋರಿಸಿ ಅಂತ ಅರ್ಜಿ ಕೊಟ್ಟು ಬಂದಿದ್ದೀನಿ. ಮುಂದಿನ ಗ್ರಾಮಸಭೆಗೆ ನಾನೂ ಹೋಗ್ತಿದ್ದೀನಿ. ನಿಮ್ಮೂರಿನದ್ದು ಯಾವತ್ತು ಅಂತ ಕೇಳಿಟ್ಟುಕೊಳ್ಳಿ.